ಅಕ್ಕನ ಕೈಗೆ ಕಟ್ಟಿದ್ದ ಪಟ್ಟಿ

ನನ್ನ ಅಕ್ಕ ಶಹಾಪುರದ ಓಣಿಗಳಲ್ಲಿ ಪಲ್ಯ ಮಾರುತ್ತಾಳೆ. ಪುಂಡಿ, ಮೆಂತೆ, ರಾಜಗಿರಿ ಸೊಪ್ಪಿನ ಸೂಡುಗಳನ್ನು ಬಿದಿರಿನ ಪುಟ್ಟಿಯಲ್ಲಿ ಜೋಡಿಸಿ, ಮೇಲೆ ಹಸಿ ಬಟ್ಟೆ ಹೊದಿಸಿ, ತಲೆಯ ಮೇಲೆ ಹೊತ್ತು ಹೊರಡುತ್ತಾಳೆ. ಬಿಸಿಲು ನೆತ್ತಿಗೆ ಬಂದರೂ ಪುಟ್ಟಿ ಖಾಲಿಯಾಗದೆ ಮನೆಗೆ ಮರಳುವುದಿಲ್ಲ. ಹೋದ ಬೇಸಿಗೆಯಲ್ಲಿ ಒಮ್ಮೆ ಕಣ್ಣು ಕತ್ತಲೆ ಬಂದು ಯಾರದೋ ಮನೆಯ ಕಟ್ಟೆಯ ಮೇಲೆ ಬಿದ್ದಿದ್ದಳು. ಆ ಮನೆಯವರು ನೀರು ಕೊಟ್ಟು ಕಳಿಸಿದರು. ಮರುದಿನ ಮತ್ತೆ ಪುಟ್ಟಿ ಹೊತ್ತಳು.

ನನ್ನದು ಹತ್ತಿ ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲಿ. ಬೇಸಿಗೆಯಲ್ಲಿ ಅಲ್ಲಿ ಕೆಲಸವಿರುವುದಿಲ್ಲ. ಯಾರಾದರೂ ಕೆಲಸಕ್ಕೆ ಕರೆದಾರೆಂದು ಚಹಾ ಹೋಟೆಲಿನಲ್ಲಿ ಕಾಯುತ್ತೇನೆ. ಕಾಯುತ್ತೇನೆ ಎನ್ನುವುದು ಮರ್ಯಾದೆಗೆ ಹೇಳುವ ಮಾತು.

ಈ ಬೇಸಿಗೆಯಲ್ಲಿ ದೊಡ್ಡ ಊರಿನ ಕಾಲೇಜಿನವರು ಬಂದರು. ಊರಿನಲ್ಲಿ ಯಾರು ಎಲ್ಲಿ ಬಿಸಿಲಿಗೆ ಬಳಲುತ್ತಾರೆ, ಎಲ್ಲಿ ಗಿಡ ನೆಡಬೇಕು, ಎಲ್ಲಿ ನೆರಳು ಮಾಡಿ ಕುಡಿಯುವ ನೀರು ಇಡಬೇಕು ಎಂದು ಅಳೆದು ನೋಡುವುದು ಅವರ ಸಂಶೋಧನೆ. ಅದಕ್ಕೆ ಓಣಿ ತಿರುಗಿ ದುಡಿಯುವವರೇ ಬೇಕಾಗಿದ್ದರು. ಅವರಲ್ಲಿ ಒಬ್ಬ ಹುಡುಗಿ ನಮ್ಮ ಮನೆಗೆ ಬಂದು, ಕೈಗಡಿಯಾರದಂಥ ಕರಿ ಪಟ್ಟಿಯೊಂದನ್ನು ಅಕ್ಕನ ಮುಂಗೈಗೆ ಕಟ್ಟಿದಳು.

"ಇದು ನಿಮ್ಮ ಜೊತೆಗೇ ಇರುತ್ತೆ ಅಕ್ಕ. ನೀವು ನಡೆದ ದಾರಿ, ಅಲ್ಲಿನ ಬಿಸಿ, ಎಲ್ಲಾ ನೆನಪಿಟ್ಟುಕೊಳ್ಳುತ್ತೆ. ಆಮೇಲೆ ನಿಮ್ಮ ದಾರಿ ನಕಾಶೆಯಲ್ಲಿ ಬರುತ್ತೆ."

"ನನ್ನ ದಾರಿ?" ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ನಕಾಶೆದಾಗ? ಖರೇ ಹೇಳ್ತಿಯೇನವ್ವಾ?"

ಅಕ್ಕ ಅವಳಿಗೆ ಚಹಾ ಇಡಲು ಒಳಗೆ ಹೋದಾಗ ಆ ಹುಡುಗಿ ನನಗೆ ಹೇಳಿದಳು, ನೀರು ಬಿದ್ದರೂ ಪಟ್ಟಿಗೆ ಏನೂ ಆಗುವುದಿಲ್ಲವೆಂದು. ಸಂಜೆ ನಾನು ಅಕ್ಕನಿಗೆ ಅದರ ಉಲ್ಟಾ ಹೇಳಿದೆ.

"ಪಲ್ಯಾಕ್ಕ ದಿನಾ ನೀರು ಹೊಡೀತಿ. ಒಳಗ ನೀರು ಹೋದ್ರ ಕೆಡ್ತದ. ನಾ ಕಟ್ಕೋತೀನಿ ಕೊಡು."

"ನೀ ಕಟ್ಕೊಂಡ್ರ ನಡೀತದೇನು?"

"ಮನ್ಯಾಗ ಯಾರರ ಒಬ್ರು ಕಟ್ಕೊಂಡ್ರ ಸಾಕಂತ."

ಅವಳು ಬಳೆ ಸರಿಸಿ, ಪಟ್ಟಿ ಬಿಚ್ಚಿ, ಸೆರಗಿನಿಂದ ಒರೆಸಿ ಕೊಟ್ಟಳು. ನನಗೆ ಅದು ಕೈಯಲ್ಲಿ ಚೆಂದ ಕಾಣುತ್ತದೆ ಎನಿಸಿತ್ತು. ಬೇರೆ ಕಾರಣವಿರಲಿಲ್ಲ.

ಹೋಟೆಲಿನಲ್ಲಿ ಗೆಳೆಯರು ಬಿಡಲಿಲ್ಲ. "ಟೈಮ್ ಎಷ್ಟಾತೋ ಸಾಹುಕಾರಾ?"

"ಇದು ಟೈಮ್ ತೋರ್ಸಂಗಿಲ್ಲ. ಬಿಸಿಲು ಅಳೀತದ."

"ಬಿಸಿಲು ನೋಡಾಕ ವಾಚ್ ಬೇಕೇನಲೇ? ತಲಿ ಹೊರಗ ಹಾಕು, ತಿಳೀತದ!"

ನಾನು ತಲೆ ಹೊರಗೆ ಹಾಕಲಿಲ್ಲ. ಫ್ಯಾನಿನ ಕೆಳಗೇ ಕೂತೆ. ಪಟ್ಟಿ ವಾಪಸು ಕೊಡುವ ತನಕ ಅದು ಮನೆಯಿಂದ ಹೋಟೆಲಿಗೆ, ಹೋಟೆಲಿನಿಂದ ಮನೆಗೆ ನನ್ನ ಜೊತೆ ಓಡಾಡಿತು.

ಕೆಲವು ದಿನಗಳ ಮೇಲೆ ಎಲ್ಲರನ್ನೂ ಶಾಲೆಗೆ ಕರೆದರು. ಅಕ್ಕ ಹಬ್ಬಕ್ಕೆಂದು ಎತ್ತಿಟ್ಟಿದ್ದ ಸೀರೆ ಉಟ್ಟು ಬಂದಳು. ಗೋಡೆಯ ಮೇಲೆ ಊರಿನ ದೊಡ್ಡ ನಕಾಶೆ. ಬಂಡಿಯಲ್ಲಿ ಹಣ್ಣು ಮಾರುವವನ ದಾರಿ, ಕಸ ಗುಡಿಸುವ ಹೆಂಗಸಿನ ದಾರಿ, ಎಲ್ಲ ಕೆಂಪು ಗೆರೆಗಳಾಗಿ ಹರಡಿದ್ದವು. ಅಕ್ಕ ಹತ್ತಿರ ಹೋಗಿ ಬೆರಳಿನಿಂದ ತನ್ನ ಓಣಿಗಳನ್ನು ಹುಡುಕಿದಳು. ಅವಳು ದಿನಾ ತಿರುಗುವ ಕಡೆಯೆಲ್ಲ ಬರೀ ಬಿಳಿ.

"ನನ್ನ ದಾರಿ ಎಲ್ಲಿ ಅದವ್ವಾ?"

ಹುಡುಗಿ ತೋರಿಸಿದಳು. ನಮ್ಮ ಮನೆಯಿಂದ ಹೋಟೆಲಿನವರೆಗೆ ಒಂದು ಮೋಟು ಗೆರೆ. "ನೀವು ಹಗಲೆಲ್ಲಾ ಇಲ್ಲೇ ಇರ್ತೀರಾ ಅಕ್ಕ? ಪಲ್ಯ ಮಾರೋದು?"

ಹಿಂದಿನಿಂದ ಯಾರೋ ಅಂದರು: "ಪಲ್ಯಾ ಮಾರ್ತೀನಂತ ಹೇಳಿ ಚಾ ಕುಡ್ಕೋತ ಕುಂದರ್ತಾಳ ನೋಡ್ರಿ!" ಎಲ್ಲರೂ ನಕ್ಕರು.

ಅಕ್ಕ ತಿರುಗಿ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಆ ಹುಡುಗಿಗೆ, "ಹೌದವ್ವಾ, ಅಲ್ಲೇ ಕುಂತಿರ್ತೀನಿ. ಕಾಲು ನೋಯ್ತಾವ" ಎಂದಳು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಪಟ್ಟಿ ತಗೊಂಡದ್ದಕ್ಕಿಂತ ಇದು ದೊಡ್ಡ ತಪ್ಪು. ಪಟ್ಟಿ ತಗೊಂಡಾಗ ಬುದ್ಧಿ ಇರಲಿಲ್ಲ ಎನ್ನಬಹುದು. ಇಲ್ಲಿ ಎಲ್ಲ ತಿಳಿದೇ ಸುಮ್ಮನಿದ್ದೆ.

ಮನೆಗೆ ಬಂದು ಅವಳು ಎಂದಿನಂತೆ ರೊಟ್ಟಿ ಬಡಿದಳು. ಬಿಸಿ ರೊಟ್ಟಿ ನನ್ನ ತಾಟಿಗೆ ಹಾಕಿ, "ಉಣ್ಣು" ಎಂದಳು. ಬೈದಿದ್ದರೆ ಉಣ್ಣಬಹುದಿತ್ತು.

"ಅಕ್ಕಾ, ಮಂದಿ ಮುಂದ ಯಾಕ ಹಂಗ ಅಂದಿ?"

"ಮತ್ತೇನನ್ಲಿ? ನನ್ನ ತಮ್ಮ ಕಳ್ಳ ಅಂತ ಅನ್ಲೇನು?" ಒಲೆಯ ಕಡೆಗೆ ತಿರುಗಿ, ಸಣ್ಣ ದನಿಯಲ್ಲಿ, "ನೋಡಬೇಕಂತ ಬಾಳ ಆಸೆ ಇತ್ತಪಾ, ನನ್ನ ದಾರಿ" ಎಂದಳು.

ಮರುದಿನ ಆ ಹುಡುಗಿ ಎಲ್ಲಿ ಉಳಿದಿದ್ದಾಳೆಂದು ವಿಚಾರಿಸಿಕೊಂಡು ಹೋಗಿ ಎಲ್ಲ ಹೇಳಿದೆ. ಅವಳ ಮುಖ ಬಾಡಿತು. ಆ ಗೆರೆ ನೋಡಿ ನಮ್ಮ ಹೋಟೆಲಿನ ಮುಂದೆ ಒಂದು ನೆರಳು ಬೇಕೆಂದು ಅವರು ಆಗಲೇ ಗುರುತು ಮಾಡಿದ್ದರಂತೆ. ಅದನ್ನು ಅಳಿಸುತ್ತೇನೆಂದಳು. ಪೆಟ್ಟಿಗೆಯಿಂದ ಪಟ್ಟಿ ತೆಗೆದು ನನ್ನ ಅಂಗೈಯಲ್ಲಿಟ್ಟು, "ಈ ಸಲ ನೀವೇ ಅಕ್ಕನ ಕೈಗೆ ಕಟ್ಟಿ" ಎಂದಳು.

ಕಟ್ಟಿದೆ. ನೀರು ಬಿದ್ದರೂ ಇದು ಕೆಡುವುದಿಲ್ಲವೆಂದು ನಿಜ ಹೇಳಿದೆ. ಅಷ್ಟೇ ಸಾಲದೆನಿಸಿ ಅಕ್ಕನ ಹಿಂದೆ ನಾನೂ ಹೊರಟೆ. ಪುಟ್ಟಿ ಕೊಡೆಂದರೆ ಕೊಡಲಿಲ್ಲ. "ನೀ ಹೊತ್ರ ಯಾರೂ ಕರೆಯಂಗಿಲ್ಲ" ಎಂದಳು. ಅವಳು ಓಣಿ ಓಣಿ ಕೂಗುತ್ತ ನಡೆದಳು. ಅವಳ ನಡಿಗೆಗೆ ನಾನು ಏದುಸಿರು ಬಿಟ್ಟೆ. ಹಮಾಲಿ ಮಾಡುವ ಮೈ ನನ್ನದು.

ಮಧ್ಯಾಹ್ನ ಹೊತ್ತು ವಾಲಿದಾಗ ಒಂದು ಮುಚ್ಚಿದ ಗೋದಾಮಿನ ಬಿಸಿಲು ಬಿದ್ದ ಗೋಡೆಯ ಬಳಿ ಪುಟ್ಟಿ ಇಳಿಸಿದಳು. ಅಲ್ಲಿ ಒಂದು ಕಲ್ಲಿದೆ. ಅವಳು ಕೂತು ಕೂತು ಅದರ ಅಂಚು ನುಣುಪಾಗಿದೆ. ಸುತ್ತ ಗಿಡವಿಲ್ಲ, ಚಾವಣಿಯಿಲ್ಲ. ನಾನು ಸೂರ್ಯನಿಗೆ ಬೆನ್ನು ಕೊಟ್ಟು, ನನ್ನ ನೆರಳು ಅವಳ ಮೇಲೆ ಬೀಳುವಂತೆ ನಿಂತೆ.

"ನನಗ್ಯಾಕ?" ಎಂದಳು ಅಕ್ಕ. ಪುಟ್ಟಿಯನ್ನು ನನ್ನ ನೆರಳಿಗೆ ಎಳೆದಿಟ್ಟು, ಪಟ್ಟಿ ಕಟ್ಟಿದ ಕೈಯಿಂದಲೇ ಪಲ್ಯಕ್ಕೆ ನೀರು ಚಿಮುಕಿಸಿದಳು. "ಮೆಂತೆ ಬಾಡ್ಲತ್ತದ. ಅಲ್ಲಾಡಬ್ಯಾಡ, ಹಂಗೇ ನಿಂದ್ರು."

ನಿಂತೆ.