ಅಮ್ಮನಿಗೆ ಬೇರೆ ಫಾದರ್ ಬೇಕಿತ್ತು

ಹೋದ ವರ್ಷ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಸೋಮವಾರ. ಮಲ್ಲಂದೂರಿನ ಕಡೆ ಕಾಫಿ ಹೂವಾಗಿತ್ತು. ನಾನು ಕಳಸದ ಹತ್ತಿರ ಒಂದು ಸಣ್ಣ ಚರ್ಚಿನಲ್ಲಿ ಗುರು. ಭಾನುವಾರದ ಕೆಲಸ ಮುಗಿಸಿ ಸೋಮವಾರ ಬಿಡುವಾದರೆ ಅಮ್ಮನನ್ನು ನೋಡಲು ಹೋಗುತ್ತಿದ್ದೆ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಅಮ್ಮ ಮಲ್ಲಂದೂರಿನಲ್ಲಿ ಅಕ್ಕನ ಮನೆಯಲ್ಲಿದ್ದರು. ಅವತ್ತು ರೊಟ್ಟಿ ತಟ್ಟುತ್ತಾ ಚರ್ಚಿನಲ್ಲಿ ನಾನು ಮಾಡುವ ಪ್ರಸಂಗದ ಬಗ್ಗೆ ದೂರು ತೆಗೆದರು.

"ತುಂಬ ಉದ್ದ ಮಾತಾಡ್ತೀಯಂತೆ. ಹೆಂಗಸರು ಮನೆಗೆ ಹೋಗಿ ಅನ್ನಕ್ಕಿಡೋದು ಬೇಡ್ವಾ ಮಾರಾಯ?"

"ದೇವರ ವಾಕ್ಯ ಅಮ್ಮ, ಗಡಿಬಿಡಿ ಮಾಡೋಕಾಗತ್ತಾ?"

"ದೇವರು ಚಿಕ್ಕದಾಗೇ ಹೇಳಿದ್ದಾನೆ. ಎಳೆಯೋದು ನೀನು."

ಅಕ್ಕ ನಕ್ಕಳು. ನಾನೂ ನಕ್ಕೆ. ಹೊರಡುವಾಗ ಅಮ್ಮ ಉಪ್ಪಿನಕಾಯಿ ಬಾಟಲಿಯನ್ನು ನನ್ನ ಚೀಲಕ್ಕೆ ತುರುಕಿದರು. ಅದೇ ನಮ್ಮ ಕೊನೆಯ ಮಾಮೂಲಿ ದಿನ.

ಮರುದಿನ ಅಮ್ಮ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಹೃದಯ ಸೋತಿದೆ, ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು. ಮಾತು, ನೆನಪು ಎರಡೂ ಸರಿಯಾಗಿದ್ದವು. ಮನೆಗೆ ಬಂದ ಬೆಳಿಗ್ಗೆ ಅಮ್ಮ, "ನಂಗೆ ಪಾಪನಿವೇದನೆ ಮಾಡ್ಬೇಕು" ಎಂದರು.

ನಾನು ಚೀಲದಿಂದ ನೇರಳೆ ಬಣ್ಣದ ಪಟ್ಟಿ ತೆಗೆದೆ. ಪಾಪನಿವೇದನೆ ಕೇಳುವಾಗ ಗುರುಗಳು ಕೊರಳಿಗೆ ಹಾಕಿಕೊಳ್ಳುವ ಪಟ್ಟಿ ಅದು. ಅಷ್ಟು ಸಂಕಟದಲ್ಲೂ, ಇದಕ್ಕಾದರೂ ಒದಗಿದೆನಲ್ಲ ಎಂದು ಸಮಾಧಾನವಾಯಿತು. ಅಮ್ಮ ಪಟ್ಟಿಯನ್ನು ನೋಡಿದರು.

"ಅದನ್ನ ಮಡಚಿಡು. ಬೇರೆ ಫಾದರನ್ನ ಕರ್ಕೊಂಡು ಬಾ."

ಗುರುಗಳಾಗಲು ಓದುವ ಸೆಮಿನರಿಯ ಕೊನೆಯ ವರ್ಷದಲ್ಲಿ ಪಾಪನಿವೇದನೆ ಕೇಳುವುದನ್ನು ನಮಗೆ ಅಭ್ಯಾಸ ಮಾಡಿಸುತ್ತಿದ್ದರು. ಒಬ್ಬ ಗುರುವಾಗಿ ಕೂರಬೇಕು, ಇನ್ನೊಬ್ಬ ತಾನೇ ಕಟ್ಟಿಕೊಂಡ ಪಾಪಗಳನ್ನು ಹೇಳಬೇಕು. ಗೆಳೆಯನೊಬ್ಬ ಕುಡುಕ ಗಂಡನಾಗಿ ಎಷ್ಟು ಚೆನ್ನಾಗಿ ಅತ್ತನೆಂದರೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಕಲಿಸುತ್ತಿದ್ದ ಫಾದರ್ ಲೂಯಿಸ್, "ಅಲ್ಲಿ ಕೂತವನಿಗೆ ಹೆಸರಿಲ್ಲ, ಊರಿಲ್ಲ. ನೀವು ಬರೀ ಕಿವಿ. ಕೇಳಿದ್ದು ಯಾವತ್ತೂ ಹೊರಗೆ ಬರಬಾರದು" ಎನ್ನುತ್ತಿದ್ದರು. ನಾನು ಅದನ್ನು ಪೂರ್ತಿ ನಂಬಿದ್ದೆ. ಅಮ್ಮನಿಗೂ ಅದನ್ನೇ ಹೇಳಿದೆ.

"ಅಮ್ಮ, ಈಗ ನಿನ್ನ ಮುಂದೆ ಕೂತಿರೋದು ನಿನ್ನ ಮಗ ಅಲ್ಲ. ಗುರು."

"ಗುರುಗೆ ಹೇಳ್ಬಹುದು. ಆಮೇಲೆ ಗುರು ಎದ್ದು ಹೋಗ್ತಾನೆ, ಊಟಕ್ಕೆ ಬಂದು ಕೂರೋನು ನೀನೇ ಅಲ್ವಾ?"

ನಾನು ಪಟ್ಟಿ ಹಿಡಿದುಕೊಂಡೇ ಕೂತಿದ್ದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಹಠ ಮಾಡ್ಬೇಡ್ವೋ, ಹೋಗು" ಎಂದಳು.

ಆ ಊರಿನ ಫಾದರ್ ಧ್ಯಾನಕೂಟಕ್ಕೆ ಹೋಗಿದ್ದರು. ಹತ್ತಿರದಲ್ಲಿ ಇದ್ದವರೆಂದರೆ ಫಾದರ್ ಲೂಯಿಸ್ ಒಬ್ಬರೇ. ನಿವೃತ್ತರಾಗಿ ವಸ್ತಾರೆಯ ಕಡೆ ಉಳಿದುಕೊಂಡಿದ್ದರು. ದಾರಿಯುದ್ದಕ್ಕೂ ನನಗೆ ಒಂದೇ ಭಯ. ನಾನು ವಾಪಸ್ಸು ಬರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟರೆ? ಮಗ ಗುರುವಾಗಿದ್ದೂ ಅಮ್ಮ ಪಾಪನಿವೇದನೆ ಇಲ್ಲದೆ ಸತ್ತರು ಎಂದಾಗುತ್ತದಲ್ಲ. ಸಿಟ್ಟೂ ಬರುತ್ತಿತ್ತು. ಸಿಟ್ಟು ಯಾರ ಮೇಲೆಂದು ತಿಳಿಯುತ್ತಿರಲಿಲ್ಲ.

ವಿಷಯ ಕೇಳಿದ ಫಾದರ್ ಲೂಯಿಸ್ ರೋಗಿಗಳಿಗೆ ಹಚ್ಚುವ ಪವಿತ್ರ ತೈಲದ ಡಬ್ಬಿ ತೆಗೆದುಕೊಂಡು ಬಂದು ಕಾರಿನಲ್ಲಿ ಕೂತರು. "ನೀನ್ಯಾಕೆ ಕೇಳಲಿಲ್ಲ?" ಎಂದರು.

"ಬೇಡ ಅಂದ್ರು ಫಾದರ್."

"ಹಾಗಾದ್ರೆ ಬೇಗ ಓಡ್ಸು" ಎಂದರು.

ಅಮ್ಮ ಕಾಯುತ್ತಿದ್ದರು. ಕೋಣೆಯ ಬಾಗಿಲು ಮುಚ್ಚಿಕೊಂಡಿತು. ನಾನೂ ಅಕ್ಕನೂ ಕಾಫಿ ಒಣಗಿಸುವ ಕಣದಲ್ಲಿ ನಿಂತೆವು. ಅಮ್ಮನ ಸ್ವರ ಸಣ್ಣಗೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ತಿಂಗಳು ತಪ್ಪದೆ ಪಾಪನಿವೇದನೆ ಮಾಡುತ್ತಿದ್ದ ಹೆಂಗಸಿಗೆ ಇಷ್ಟು ಹೊತ್ತು ಹೇಳುವುದಕ್ಕೆ ಏನಿದ್ದೀತು? ನಡುವೆ ಅಳು ಕೇಳಿಸಿತು. ಆಮೇಲೆ ಅಮ್ಮ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಅಕ್ಕ ನನ್ನ ಮುಖ ನೋಡಿದಳು.

ಫಾದರ್ ನಮ್ಮನ್ನು ಒಳಗೆ ಕರೆದು ಅಮ್ಮನ ಹಣೆಗೆ, ಅಂಗೈಗಳಿಗೆ ತೈಲ ಹಚ್ಚಿದರು. ನಾನು ಅಕ್ಕನ ಪಕ್ಕದಲ್ಲಿ ಮಂಡಿಯೂರಿ, ಮನೆಯವರು ಹೇಳುವ ಉತ್ತರಗಳನ್ನು ಹೇಳಿದೆ. ಗುರುದೀಕ್ಷೆ ಆದ ಮೇಲೆ ನಾನು ಹಾಗೆ ಮನೆಯವನಾಗಿ ಮಂಡಿಯೂರಿದ್ದು ಅದೇ ಮೊದಲು. ಅಮ್ಮ ನನ್ನ ಕೈ ಹಿಡಿದುಕೊಂಡು, "ಊಟ ಮಾಡಿದ್ಯಾ?" ಎಂದು ಕೇಳಿದರು. ಮರುದಿನ ಮಧ್ಯಾಹ್ನದೊಳಗೆ ಹೋದರು.

ಶವಸಂಸ್ಕಾರದ ಪೂಜೆ ನಾನೇ ಮಾಡಿದೆ. ಪ್ರಸಂಗ ಚಿಕ್ಕದಾಗಿ ಮುಗಿಸಿದೆ.

ಆಮೇಲೆ ಯೋಚನೆ ಶುರುವಾಯಿತು. ಸೆಮಿನರಿಯ ಎರಡನೇ ವರ್ಷ ನಾನು ಇನ್ನು ಹೋಗುವುದಿಲ್ಲವೆಂದು ಮನೆಗೆ ಬಂದಿದ್ದೆ. ಅಮ್ಮ ಬೈಯಲಿಲ್ಲ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನನ್ನ ಬಟ್ಟೆ ಮಡಚಿ ಚೀಲ ತುಂಬಿಸಿಟ್ಟಿದ್ದರು. ನಾನು ಚೀಲ ಹಿಡಿದು ಬಸ್ಸು ಹತ್ತಿದೆ. ನನ್ನನ್ನು ಹಾಗೆ ವಾಪಸ್ಸು ಕಳಿಸಿದ್ದನ್ನೇ ಪಾಪವೆಂದು ಹೇಳಿಕೊಂಡರೇ? ಅಥವಾ ನನಗೆ ಸಂಬಂಧವೇ ಇಲ್ಲದ, ಅವರ ಸ್ವಂತದ ಏನೋ ಇತ್ತೇ? ನನ್ನ ಮೇಲೆ ನಂಬಿಕೆ ಇರಲಿಲ್ಲವೋ, ನನಗೆ ನೋವಾಗಬಾರದೆಂದೋ? ಒಂದು ದಿನ ಒಂದು ಸರಿ ಅನಿಸುತ್ತದೆ, ಇನ್ನೊಂದು ದಿನ ಇನ್ನೊಂದು.

ನನ್ನ ಚರ್ಚಿಗೆ ಬೇರೆ ಊರುಗಳಿಂದ ಬಸ್ಸು ಹಿಡಿದು ಪಾಪನಿವೇದನೆಗೆ ಬರುವವರಿದ್ದಾರೆ. ನಾನು ಚೆನ್ನಾಗಿ ಕೇಳುತ್ತೇನೆಂದು ಬರುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ನಾನು ನಾಳೆ ನೋಡುವುದಿಲ್ಲ, ಅದಕ್ಕೇ ಬರುತ್ತಾರೆ ಎಂದು ಈಗ ಅನಿಸುತ್ತದೆ.

ಗುರುಗಳೆಲ್ಲ ಸೇರಿದ್ದ ಒಂದು ಊಟದಲ್ಲಿ ಫಾದರ್ ಲೂಯಿಸ್ ಪಕ್ಕದಲ್ಲಿ ಕೂತಿದ್ದೆ. ತಡೆಯಲಾಗಲಿಲ್ಲ. "ಫಾದರ್, ಅಮ್ಮ ಅವತ್ತು..." ಎಂದೆ. ಅವರು ಸೌಟು ನನ್ನ ಕಡೆ ತಿರುಗಿಸಿ, "ಸಾರು ಚೆನ್ನಾಗಿದೆ, ಹಾಕ್ಕೊ" ಎಂದರು. ಅವರು ಬೇರೇನಾದರೂ ಹೇಳಿದ್ದರೆ ನಾನು ಅವರನ್ನು ಕ್ಷಮಿಸುತ್ತಿರಲಿಲ್ಲ. ಹೇಳದೆ ಹೋದದ್ದನ್ನೂ ಮರೆಯಲಾಗುತ್ತಿಲ್ಲ.

ಅಮ್ಮ ಅತ್ತದ್ದಕ್ಕೆ ನಾನೇ ಏನಾದರೊಂದು ಕಾರಣ ಊಹಿಸಿಕೊಳ್ಳಬಲ್ಲೆ. ಆಮೇಲೆ ನಕ್ಕದ್ದು ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.