ಮುಚ್ಚದೆ ಬಿಟ್ಟ ಟೊಪ್ಪಿಗೆ

ಅಕ್ಕನ ಮಗಳ ಮನೆಯಿಂದ ಒಂದು ಟೊಪ್ಪಿಗೆಯನ್ನು ನಾನು ವಾಪಸ್ ತರಬೇಕಾಗಿತ್ತು. ಹಸುಗೂಸಿನ ಟೊಪ್ಪಿಗೆ, ತಿಳಿ ಹಳದಿ ನೂಲಿನದು. ಮುಷ್ಟಿ ಕಟ್ಟಿದರೆ ಒಳಗೆ ಅಡಗಿಹೋಗುವಷ್ಟು ಸಣ್ಣದು. ಅದನ್ನು ಹಾಕಿಕೊಂಡಿದ್ದ ಹುಡುಗಿ ಈಗ ಬಾಲವಾಡಿಗೆ ಹೋಗುತ್ತಾಳೆ, ಅದು ಅವಳ ಗೊಂಬೆಗೂ ಆಗುವುದಿಲ್ಲ.

"ಬಾಯಾರ, ಗಡಹಿಂಗ್ಲಜಕ್ಕ ಹೊಂಟೀರಿ ಅಂದ್ರ ಆ ಟೊಪಗಿ ಇಸ್ಕೊಂಡ ಬರ್ರಿ. ಅದೊಂದ ಹೊರಗ ಉಳದೈತಿ ನೋಡ್ರಿ" ಎಂದು ಆಯಿ ಹೇಳಿದ್ದಳು. ನಾನು ಹೂಂ ಅಂದೆ. ಆಮೇಲೆ ಗಡಹಿಂಗ್ಲಜಕ್ಕೆ ಹೋದೆ, ಊಟ ಮಾಡಿದೆ, ಕೂಸಿನ ಜೊತೆ ಆಡಿದೆ, ಕೇಳದೆ ಬಂದೆ. ಮತ್ತೊಮ್ಮೆ ಹೋದೆ, ಆಗಲೂ ಕೇಳಲಿಲ್ಲ.

ಆಯಿ ನನಗೆ ಸಂಬಂಧಿಕಳಲ್ಲ. ಇಚಲಕರಂಜಿಯಲ್ಲಿ ನಮ್ಮ ಓಣಿಯ ಹಿರಿಯಳು, ಎಲ್ಲರಿಗೂ ಆಯಿ. ನಾನು ಎಲ್ಲರಿಗೂ ಬಾಯಾರು, ಅಂದರೆ ಟೀಚರು. ಅವಳ ಮನೆಯ ಮುಂದಿನ ಕಟ್ಟೆಯ ಮೇಲೆ ಮಧ್ಯಾಹ್ನದ ಹೊತ್ತು ಓಣಿಯ ಹೆಂಗಸರು ಹೆಣಿಯಲು ಕೂಡುತ್ತೇವೆ. ಹಿಂದಿನ ಶೆಡ್ಡಿನಲ್ಲಿ ಅವಳ ಮಗನ ಪವರ್‌ಲೂಮುಗಳು ಖಟಖಟ ಅನ್ನುತ್ತಿರುತ್ತವೆ. ಮಗ್ಗದ ನೂಲಿನ ಕೋನುಗಳಲ್ಲಿ ಉಳಿದ ತುದಿನೂಲನ್ನು ಅವನು ಬಿಸಾಡುತ್ತಿದ್ದ. ಆಯಿ ಅದನ್ನು ಆರಿಸಿ, ಎಳೆ ಕೂಡಿಸಿ ಹುರಿ ಮಾಡಿ, ಬಣ್ಣ ಹಾಕಿಸಿ, ಬುಟ್ಟಿ ತುಂಬಿಸುತ್ತಾಳೆ. ನಮ್ಮ ಹೆಣಿಗೆಯೆಲ್ಲ ಆ ಹತ್ತಿಯ ನೂಲಿನದೇ, ನಮ್ಮ ಬಾಯಲ್ಲಿ ಅದು ಸೂತ. ಉಣ್ಣೆ ಬೇಕಾಗುವಂಥ ಚಳಿ ಇಲ್ಲಿ ಯಾವ ಕಾಲಕ್ಕೆ ಬಿದ್ದೀತು?

"ನೀವು ಒಂದು ಟೊಪಗಿ ಮುಗಸೂದ್ರಾಗ ನನ್ನ ಮಗ್ಗ ಇಡೀ ಊರಿಗೆ ಧೋತರ ಕೊಡತೈತಿ" ಎಂದು ಆಯಿಯ ಮಗ ಚೇಷ್ಟೆ ಮಾಡುತ್ತಾನೆ.

"ಕೊಡ್ರಿ, ಯಾರ ಬ್ಯಾಡ ಅಂದಾರ? ಕೂಸಿನ ತಲಿಗೆ ಧೋತರ ಸುತ್ತಿ ಕಳಸ್ತೀರೇನ್ರಿ?" ಇದು ಹುಪರಿಯಿಂದ ಬಂದ ಸೊಸೆ, ನಮ್ಮ ಎದುರು ಮನೆಯವಳು. ತವರಿನಲ್ಲಿ ಬೆಳ್ಳಿ ಕಾಲ್ಗೆಜ್ಜೆಯ ಕೊಂಡಿ ಜೋಡಿಸುತ್ತ ಬೆಳೆದವಳು. ಅವಳ ಬೆರಳಿಗೂ ನಾಲಗೆಗೂ ಒಂದೇ ವೇಗ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾಗಿ ಮನೆಯಲ್ಲಿ ಕುಳಿತ ನನ್ನನ್ನು ಕಟ್ಟೆಗೆ ಎಳೆದು ತಂದವಳು ಅವಳೇ. ನನ್ನ ಮೊದಲ ಹೆಣಿಗೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ್ದಳು: "ಬಾಯಾರ ಟಾಕಿ ನೋಡ್ರೆವ್ವಾ, ಪರೀಕ್ಷಾಕ್ಕ ಕುಂತಂಗ ದೂರ ದೂರ ಕುಂತಾವ. ಒಂದಕ್ಕೊಂದು ಮಾತಾಡೂದಿಲ್ಲ!" ಸೂಜಿಯ ಮೇಲಿನ ಕುಣಿಕೆಗೆ ನಮ್ಮಲ್ಲಿ ಟಾಕಾ ಅನ್ನುತ್ತಾರೆ, ಹಲವಾದರೆ ಟಾಕಿ. ಅವತ್ತು ನಕ್ಕಷ್ಟು ನಾನು ಸ್ಟಾಫ್ ರೂಮಿನಲ್ಲಿ ಎಂದೂ ನಕ್ಕ ನೆನಪಿಲ್ಲ. ಆದರೆ ನನ್ನ ನೆನಪಿನ ಮಾತು ಎಷ್ಟರದು ಎನ್ನುವುದು ಮುಂದೆ ಬರುತ್ತದೆ.

ಕಟ್ಟೆಯ ಟೊಪ್ಪಿಗೆ ಯಾರೊಬ್ಬರದೂ ಅಲ್ಲ. ಒಬ್ಬಳು ಹಾಲು ಉಕ್ಕಿತೆಂದು ಎದ್ದರೆ ಪಕ್ಕದವಳು ಸೂಜಿ ಹಿಡಿಯುತ್ತಾಳೆ. ಒಂದು ಸಾಲು ಬಿಗಿ, ಒಂದು ಸಾಲು ಸಡಿಲ. ಓಣಿಯಲ್ಲಿ, ನೆಂಟರಲ್ಲಿ ಯಾರಿಗೆ ಹೆರಿಗೆಯಾಗಲಿ, ಒಂದು ಟೊಪ್ಪಿಗೆ ಹೋಗುತ್ತದೆ. ಕೂಸು ಬೆಳೆದ ಮೇಲೆ ಅದು ಕಟ್ಟೆಗೆ ಮರಳುತ್ತದೆ. ಬಿಚ್ಚಿ, ತೊಳೆದು, ಉಂಡೆ ಮಾಡಿ ಬುಟ್ಟಿಗೆ ಹಾಕುತ್ತೇವೆ. ಮುಂದಿನ ಕೂಸಿಗೆ ಅದೇ ಸೂತ.

ಇನ್ನೊಂದು ರೂಢಿಯೂ ಉಂಟು. ಟೊಪ್ಪಿಗೆಯನ್ನು ಅಂಚಿನಿಂದ ನೆತ್ತಿಯ ಕಡೆಗೆ ಹೆಣಿಯುತ್ತೇವೆ. ಕೊನೆಗೆ ಉಳಿದ ಟಾಕಿಗಳಲ್ಲಿ ಸೂತದ ತುದಿಯನ್ನು ಪೋಣಿಸಿ ಜಗ್ಗಿದರೆ ನೆತ್ತಿ ಮುಚ್ಚುತ್ತದೆ. ಆ ಕೊನೆಯ ಕೆಲಸವನ್ನು ಮಾತ್ರ ನಾವು ಮಾಡುವುದಿಲ್ಲ. ತಾಯಿ ಕೂಸು ದವಾಖಾನೆಯಿಂದ ಮನೆಗೆ ಬರುವವರೆಗೆ ಟಾಕಿಗಳನ್ನು ಒಂದು ಬಿಳಿ ದಾರದ ಮೇಲೆ ಹಾಗೇ ಕೂಡಿಸಿ ಇಡುತ್ತೇವೆ. ಬಂದ ಸುದ್ದಿ ಸಿಕ್ಕ ಮೇಲೆ ದಾರ ತೆಗೆದು ಮುಚ್ಚುವುದು. ಕೂಸು ಬಾರದೇ ಹೋದರೆ ಟೊಪ್ಪಿಗೆಯನ್ನು ಬಿಚ್ಚುವುದು. ಈ ರೂಢಿ ಎಲ್ಲಿಯದು ಎಂದು ಕೇಳಿದ್ದೆ. ಆಯಿ, ಹುಪರಿಯವಳು ತಂದದ್ದು ಅಂದಳು. ಹುಪರಿಯವಳು, ಆಯಿಯದ್ದು ಅಂದಳು. ಮೂಲೆಮನೆಯ ಹೆಂಗಸು ನನ್ನ ಮುಖ ನೋಡಿ, "ಬಾಯಾರ, ನೀವ ಹೇಳಿದ್ರೆಲ್ಲ?" ಅಂದಳು. ನಾನು ಹೇಳಿರಲಿಲ್ಲ. ಹೇಳಿರಲಿಕ್ಕಿಲ್ಲ.

ಅಕ್ಕನ ಮಗಳು ಗಡಹಿಂಗ್ಲಜದಲ್ಲೇ ಹುಟ್ಟಿ ಅಲ್ಲೇ ಮದುವೆಯಾದವಳು. ಗಂಡನಿಗೆ ಬೆಲ್ಲದ ವ್ಯಾಪಾರ. ಅವಳ ಮೊದಲ ಬಸಿರಿಗೆ ಕಟ್ಟೆಯ ಮೇಲೆ ಹಳದಿ ಟೊಪ್ಪಿಗೆ ತಯಾರಾಗಿ ಬಿಳಿ ದಾರದ ಮೇಲೆ ಕಾಯುತ್ತಿತ್ತು. ಆ ಬಸಿರು ನಿಲ್ಲಲಿಲ್ಲ. ಜೀವ ಹಗುರಾಗಲಿ ಎಂದು ಅಕ್ಕ ಅವಳನ್ನು ನನ್ನ ಮನೆಗೆ ಕಳಿಸಿದಳು. ಅವಳನ್ನು ಕಟ್ಟೆಗೆ ಕರೆದುಕೊಂಡು ಹೋದೆ. ಮಾತು ಕೇಳಿಯಾದರೂ ಮುಖ ಬಿಚ್ಚಲಿ ಎಂದು. ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದವಳಿಗೆ ಇನ್ನೂ ಬಿಚ್ಚದೆ ಉಳಿದಿದ್ದ ಆ ಟೊಪ್ಪಿಗೆಯೇ ಸಿಕ್ಕಿತು.

"ಇದ್ಯಾಕ ತೆರದೈತಿ?"

ಆಯಿ ರೂಢಿಯನ್ನು ಹೇಳಿದಳು, ಏನನ್ನೂ ಮುಚ್ಚಿಡದೆ. ಅವಳು ಕೇಳಿಸಿಕೊಂಡು, "ಹಂಗಾರ ಬಿಚ್ಚರಿ" ಅಂದಳು. ಹುಪರಿಯವಳು ದಾರ ತೆಗೆದು ಎಳೆಯತೊಡಗಿದಳು. ಅಕ್ಕನ ಮಗಳು ಎರಡೂ ಕೈ ಮುಂದೆ ಚಾಚಿ ಸೂತವನ್ನು ಸುತ್ತಿಸಿಕೊಂಡಳು. ಟೊಪ್ಪಿಗೆ ಸಾಲು ಸಾಲಾಗಿ ಕರಗಿ ಅವಳ ಮಣಿಕಟ್ಟುಗಳ ನಡುವೆ ಲಡಿಯಾಯಿತು. ನನಗೆ ಇದು ಕಣ್ಣಿಗೆ ಕಟ್ಟಿದ ಹಾಗಿದೆ. ಹುಪರಿಯವಳು ಮಾತ್ರ ಇಲ್ಲ ಅನ್ನುತ್ತಾಳೆ. "ಆಕಿ ಅಷ್ಟ ಅಂದು ಒಳಗ ಹ್ವಾದ್ಲರಿ. ಕೈ ಹಿಡದಾಕಿ ನಾನ, ಬಿಚ್ಚಿದಾಕಿ ಆಯಿ." ಯಾರ ಕೈಗಳನ್ನು ನಾನು ಇಷ್ಟು ವರ್ಷ ನೆನೆಸಿಕೊಳ್ಳುತ್ತಿದ್ದೇನೆ?

ಎರಡನೆಯ ಸಲ ಬಸಿರಾದಾಗ ಮತ್ತೆ ಹಳದಿ ಟೊಪ್ಪಿಗೆ. ಯಾವ ಉಂಡೆ ಎತ್ತಿಕೊಂಡೆವು, ಯಾರು ಎತ್ತಿಕೊಂಡರು, ಆಗ ಯಾರೂ ಕೇಳಲಿಲ್ಲ. ಬುಟ್ಟಿಯಲ್ಲಿ ಹಳದಿ ಇತ್ತು, ಹಾಕಿದೆವು.

ದಿನ ತುಂಬುವ ಬಹಳ ಮುಂಚೆಯೇ ಅವಳಿಗೆ ನೋವು ಬಂದು ಗಡಹಿಂಗ್ಲಜದಿಂದ ಕೊಲ್ಹಾಪುರದ ದವಾಖಾನೆಗೆ ಒಯ್ದರು. ಹೆಣ್ಣು ಕೂಸು. ಅಂಗೈಯಷ್ಟಿದೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದು ಅಕ್ಕ ಫೋನ್ ಮಾಡಿದಾಗ ನಾನು ಕಟ್ಟೆಯ ಮೇಲಿದ್ದೆ. ಅದೇ ಹೊತ್ತಿಗೆ ಕರೆಂಟು ಹೋಗಿ ಮಗ್ಗಗಳು ನಿಂತವು. ಮಗ್ಗದ ಸದ್ದಿನಲ್ಲಿ ಚೀರಿ ಮಾತಾಡಿಯೇ ರೂಢಿಯಾದ ಓಣಿ ಒಮ್ಮೆಲೆ ಸುಮ್ಮನಾಯಿತು. ಅಕ್ಕನ ದನಿ ಎಲ್ಲರಿಗೂ ಕೇಳಿತು: "ತಲಿ ತಣ್ಣಗಾಗಬಾರದಂತ. ತೊಳದಿದ್ದು, ಮೆತ್ತಂದು ಟೊಪಗಿ ಬೇಕಂತ."

"ಮುಚ್ಚಿ ಕೊಡ್ರಿ" ಅಂದಳು ಹುಪರಿಯವಳು. "ದವಾಖಾನಿ ಐತಿ ಅದು. ನಮ್ಮ ರೂಢಿ ಅವರಿಗೇನ ಗೊತ್ತ?"

"ಮನಿಗೆ ಬರಲಿ, ಮುಚ್ಚೋಣು" ಅಂದಳು ಆಯಿ.

"ಅಲ್ಲಿತನಾ ಕೂಸಿನ ನೆತ್ತಿಗೆ ಗಾಳಿ ಹೊಡೀಲೇನು?"

"ಹೋದ ಸಲ ಬಿಚ್ಚಿದ್ದು ಮರತೇನವಾ ನೀ?"

ಇಬ್ಬರೂ ನನ್ನತ್ತ ನೋಡಿದರು. ರೂಢಿಗೂ ಫಲಕ್ಕೂ ಸಂಬಂಧವಿಲ್ಲ ಎಂದು ತರಗತಿಗಳಲ್ಲಿ ಹೇಳುತ್ತ ಬಂದವಳು ನಾನು. ಅವತ್ತು ನಂಬಿದೆನೋ, ನಂಬದೆಯೂ ಹೆದರಿದೆನೋ, ಇವತ್ತಿಗೂ ಗೊತ್ತಿಲ್ಲ. ಬಿಳಿ ದಾರವನ್ನೇ ಚೀಲದ ಬಾಯಿಯಂತೆ ಬಿಗಿದು ಗಂಟು ಹಾಕೋಣ ಅಂದೆ. ನೆತ್ತಿಯೂ ಮುಚ್ಚೀತು, ಮುಚ್ಚಿದ ಹಾಗೂ ಆಗಲಿಕ್ಕಿಲ್ಲ. ಇಬ್ಬರೂ ಒಪ್ಪಿದರು. ಟೊಪ್ಪಿಗೆಯನ್ನು ಬಿಸಿನೀರಿನಲ್ಲಿ ಕುದಿಸಿ, ಕೆಂಡದ ಇಸ್ತ್ರಿಯಿಂದ ಒಣಗಿಸಿ, ಹೊಸ ಚೀಲದಲ್ಲಿ ಹಾಕಿಕೊಂಡು ನಾನು ಕೊಲ್ಹಾಪುರದ ಬಸ್ಸು ಹತ್ತಿದೆ.

ಸಿಸ್ಟರು ಅದನ್ನು ಬಾಗಿಲಲ್ಲೇ ಇಸಿದುಕೊಂಡು ಒಳಗೆ ಹೋದಳು. ಅಕ್ಕ, ಅವಳ ಮಗಳು, ನಾನು ಹೊರಗಿನ ಬೆಂಚಿನ ಮೇಲೆ ಕುಳಿತೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸಿಸ್ಟರಿನ ಒಂದು ಕೈಯಲ್ಲಿ ಬಿಳಿ ದಾರ, ಇನ್ನೊಂದರಲ್ಲಿ ಟೊಪ್ಪಿಗೆ. ಅದರಿಂದ ಉದ್ದಕ್ಕೆ ಜೋತುಬಿದ್ದ ಹಳದಿ ಸೂತ.

"ಮಾವಶಿ, ಹೇ ಸುಟತಂಯ ಕೀ" ಮರಾಠಿಯಲ್ಲಿ ಅಂದಳು, ಚಿಕ್ಕಮ್ಮಾ, ಇದು ಬಿಚ್ಚಿಕೊಳ್ಳುತ್ತಿದೆಯಲ್ಲ ಎಂದು. ಅವಳ ತಪ್ಪೇನೂ ಇಲ್ಲ. ದಾರದ ತುದಿ ನೇತಾಡುವುದನ್ನು ಕಂಡು, ಕೂಸಿನ ಬೆರಳಿಗೆ ಸುತ್ತಿಕೊಂಡೀತೆಂದು ಕತ್ತರಿಸಿ ಎಳೆದಿದ್ದಳು. ಪಕ್ಕದಲ್ಲಿದ್ದ ಹಳದಿ ತುದಿಯನ್ನೂ ಎಳೆದಿದ್ದಳು. ಹಿಡಿದಿಡುವ ದಾರ ಇಲ್ಲದ ಟಾಕಿಗಳು ಸಾಲಿನ ಹಿಂದೆ ಸಾಲಾಗಿ ಬಿಚ್ಚಿಕೊಂಡು ಹೊರಟಿದ್ದವು.

ಅಕ್ಕನ ಮಗಳು ಗೋಡೆ ಹಿಡಿದು ಎದ್ದು ನಿಂತಳು. ನಮ್ಮ ಟೊಪ್ಪಿಗೆಗಳನ್ನು ಯಾವಾಗ ಬಿಚ್ಚುತ್ತಾರೆ ಎನ್ನುವುದು ಆ ಓಣಿಯ ಹೊರಗೆ ಅವಳೊಬ್ಬಳಿಗೇ ಗೊತ್ತಿತ್ತು.

"ಕೂಸು?" ಅಂದಳು.

"ಬರೀ ಆಹೆ, ಬರೀ ಆಹೆ" ಅಂದಳು ಸಿಸ್ಟರು. ಚೆನ್ನಾಗಿದೆ. ಆದರೂ ಇವಳ ಕಣ್ಣು ಸೂತದಿಂದ ಕದಲಲಿಲ್ಲ.

"ಮೌಶಿ, ಇದು ಅದ ಸೂತ ಏನ, ಮೊದಲಿನ ಟೊಪಗೀದು?" ಎಂದು ನನ್ನನ್ನು ಕೇಳಿದಳು.

ನಾನು ಆಯಿಗೆ ಫೋನ್ ಹಚ್ಚಿದೆ. ಮಗ್ಗಗಳು ಮತ್ತೆ ಶುರುವಾಗಿದ್ದವು. ಆ ಸದ್ದಿನ ನಡುವಿನಿಂದ ಆಯಿ ಚೀರಿದ್ದು ಮೂವರಿಗೂ ಕೇಳಿತು: "ಅಲ್ಲ, ಅಲ್ಲ! ಹೊಸಾ ಸೂತ ಐತಿ ಅದು!"

"ಹಂಗಾರ ನೆತ್ತಿ ಬಂದ್ ಮಾಡು" ಅಂದಳು ಅವಳು ನನಗೆ. "ಇಲ್ಲೇ. ನನ್ನ ಮುಂದ."

ನನ್ನ ಚೀಲದಲ್ಲಿ ದಪ್ಪ ಕಣ್ಣಿನ ಸೂಜಿ ಇತ್ತು. ಬೆಂಚಿನ ಮೇಲೆ ಕುಳಿತು, ಉಳಿದ ಟಾಕಿಗಳನ್ನು ಒಂದೊಂದಾಗಿ ಹಿಡಿದು ಸೂತ ಪೋಣಿಸಿದೆ. ಒಂದು ಟಾಕಾ ಜಾರಿ ಕೆಳಗಿನ ಸಾಲಿಗೆ ಓಡಿತು. ಅವಳು ಬಗ್ಗಿ ಉಗುರಿನಿಂದ ಅದನ್ನು ಒತ್ತಿ ಹಿಡಿದಳು. ಪೋಣಿಸಿ ಮುಗಿದ ಮೇಲೆ ತುದಿಯನ್ನು ನನ್ನ ಕೈಯಿಂದ ಕಸಿದುಕೊಂಡು ಅವಳೇ ಜಗ್ಗಿದಳು. ನೆತ್ತಿ ಸೊಟ್ಟಗೆ, ಗಿಡ್ಡಗೆ ಮುಚ್ಚಿತು. ಸಾಲುಗಳು ಬಿಚ್ಚಿಹೋಗಿ ಟೊಪ್ಪಿಗೆ ಸಣ್ಣದಾಗಿದ್ದೇ ಒಳ್ಳೆಯದಾಯಿತು. ಮೊದಲಿನ ಅಳತೆ ಆ ತಲೆಗೆ ಕಣ್ಣಿನ ಮೇಲೆ ಇಳಿಯುತ್ತಿತ್ತು. ಸಿಸ್ಟರು ಇನ್ನೊಮ್ಮೆ ಸ್ವಚ್ಛ ಮಾಡಿ ಹಾಕುತ್ತೇನೆಂದು ಒಯ್ದಳು.

ಕೂಸು ಬದುಕಿತು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಅಮ್ಮನ ಎದೆಯ ಮೇಲೆ ಇದ್ದು, ಕೊನೆಗೆ ಗಡಹಿಂಗ್ಲಜಕ್ಕೆ ಬಂತು. ನಾನು ದಿನವೂ ಡೈರಿ ಬರೆಯುವವಳು, ಆದರೆ ಅಷ್ಟು ದಿನದ ಪುಟಗಳು ಖಾಲಿ ಇವೆ. ಹಾಗಾಗಿ ಮೇಲೆ ಬರೆದದ್ದಕ್ಕೆಲ್ಲ ಸಾಕ್ಷಿ ನನ್ನ ತಲೆಯೊಂದೇ. ಟೊಪ್ಪಿಗೆಯನ್ನು ಎಲ್ಲಿ ಮುಚ್ಚಿದೆವು ಎಂದು ಆಯಿ ಇವತ್ತಿನವರೆಗೂ ಕೇಳಿಲ್ಲ.

ಹೋದ ವಾರ ಗಡಹಿಂಗ್ಲಜಕ್ಕೆ ಹೋದಾಗ ಕೇಳಿಯೇಬಿಟ್ಟೆ. ಓಣಿಯಲ್ಲಿ ಮತ್ತೊಬ್ಬಳಿಗೆ ದಿನ ತುಂಬುತ್ತಿತ್ತು. ಅಕ್ಕನ ಮಗಳು ಎದ್ದು ಹೋಗಿ ತಿಜೋರಿಯಿಂದ ಟೊಪ್ಪಿಗೆ ತಂದಳು. ಕೊಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡಳು.

"ಕೊಡತೇನಿ. ಮೊದಲ ಹೇಳು. ಇದು ಅದ ಸೂತ ಹೌದಲ್ಲೋ?"

"ಅವತ್ತ ಆಯಿ ಅಲ್ಲ ಅಂದಿದ್ಲಲ್ಲ."

"ಅವತ್ತಿಂದು ಬಿಡು. ಅವತ್ತ ಹೌದು ಅಂದಿದ್ರ ನಾ ಸತ್ತ ಹೋಗ್ತಿದ್ದೆ. ಈಗ ಹೇಳು." ಅವಳು ಸೊಟ್ಟ ನೆತ್ತಿಯ ಮೇಲೆ ಬೆರಳಾಡಿಸುತ್ತಿದ್ದಳು. "ಮೊದಲನೇದರದ್ದು ಏನೂ ಇಲ್ಲ ಮೌಶಿ ನನ್ನ ಹಂತೇಕ. ಹೆಸರಿಟ್ಟಿಲ್ಲ, ಮಾರಿ ನೋಡಿಲ್ಲ. ಅದ ಸೂತ ಅನ್ನು, ಸಾಕು. ಅದರ ತಂಗಿ ತಲಿ ಅದ ಬೆಚ್ಚಗಿಟ್ಟಿತು ಅಂತ ತಿಳಕೋತೇನಿ."

ಒಂದು ಹೌದು ಸಾಕಾಗಿತ್ತು. ನಾನು ಆ ಬುಟ್ಟಿಯನ್ನು, ಆ ಮಧ್ಯಾಹ್ನವನ್ನು, ಉಂಡೆ ಎತ್ತಿದ ಕೈಯನ್ನು ಎಷ್ಟು ಹುಡುಕಿದರೂ ಕಂಡದ್ದು ಹಳದಿ ಬಣ್ಣ ಮಾತ್ರ. "ಗೊತ್ತಿಲ್ಲಬೇ. ಕೇಳಿ ಹೇಳತೇನಿ" ಅಂದೆ. ಅವಳು ಟೊಪ್ಪಿಗೆಯನ್ನು ಒಳಗೆ ಒಯ್ದಳು.

ಮರುದಿನ ಕಟ್ಟೆಯ ಮೇಲೆ ಕೇಳಿದೆ.

"ಅದ ಸೂತ" ಅಂದಳು ಆಯಿ, ಸೂಜಿಯಿಂದ ಕಣ್ಣೆತ್ತದೆ.

"ಅವತ್ತ ಅಲ್ಲ ಅಂದ್ರಿ?"

"ಅವತ್ತ ಮತ್ತೇನ ಅನ್ನಬೇಕಿತ್ತರಿ ಬಾಯಾರ?"

"ಏ ಆಯಿ, ಸುಮ್ನಿರ್ರಿ" ಅಂದಳು ಹುಪರಿಯವಳು. "ಆ ಸೂತ ನಾ ನನ್ನ ತಂಗಿ ಮಗನ ಟೊಪಗಿಗೆ ಹಾಕೇನಿ. ನನಗ ಪಕ್ಕಾ ನೆನಪೈತಿ."

"ನಿನ್ನ ತಂಗಿ ಮಗಂದು ಹಸರು."

"ಹಸರು ಆಕಿ ಮಗಳದ್ರಿ!"

ಅವರು ಜಗಳಾಡುತ್ತಿರುವಾಗಲೇ ಗಡಹಿಂಗ್ಲಜದ ಫೋನು ಬಂತು. "ಕೇಳಿದೇನ?" ನಾನು ಇಬ್ಬರು ಹೇಳಿದ್ದನ್ನೂ ಹೇಳಿದೆ, ಆಯಿಯದ್ದನ್ನು ಮೊದಲು. ಅತ್ತ, ಹಿಂದೆ ಅವಳ ಮಗಳು ಏನೋ ಹಟ ಮಾಡುತ್ತಿದ್ದಳು.

"ಟೊಪಗಿ ಕೊಡೂದಿಲ್ಲಂತ ಹೇಳು ಆಯಿಗೆ" ಅಂದಳು ಅಕ್ಕನ ಮಗಳು. "ಯಾವ ಸೂತರ ಇರಲಿ. ಇನ್ನೊಮ್ಮೆ ಬಿಚ್ಚಸೂದಿಲ್ಲ ನಾ."

ಹೇಳಿದೆ. ಆಯಿ ಸ್ವಲ್ಪ ಹೊತ್ತು ಹೆಣಿಯುವುದನ್ನು ನಿಲ್ಲಿಸಿದಳು. "ಇಟ್ಕೊಳ್ಳಲಿ" ಅಂದಳು. ಮತ್ತೆ ಶುರು ಮಾಡಿದಳು.

ಬುಟ್ಟಿಯ ಮೇಲೆ ಹೊಸ ಟೊಪ್ಪಿಗೆ ಇತ್ತು, ನೀಲಿ, ನೆತ್ತಿ ತೆರೆದು ಬಿಳಿ ದಾರದ ಮೇಲೆ. ಅದನ್ನೆತ್ತಿ ದಾರದ ತುದಿಗಳಿಗೆ ಗಂಟು ಹಾಕಿದೆ. ಎಳೆದು ನೋಡಿದೆ, ಬಿಗಿಯಾಗಿತ್ತು. ಅದರ ಮೇಲೆ ಇನ್ನೊಂದು ಹಾಕಿದೆ.

"ಬಾಯಾರ, ಆಮ್ಯಾಲ ಬಿಚ್ಚಾಕೂ ಬರಬೇಕರಿ ಅದು" ಅಂದಳು ಹುಪರಿಯವಳು.

"ಕೂಸು ಮನಿಗೆ ಬರಲಿ, ಗಂಟು ನಾನ ಬಿಚ್ಚತೇನಿ" ಅಂದೆ. ಮಗ್ಗದ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ.