ಕಾರಿನ ತಂಬೂರಿ ಬುರುಡೆ

ನಮ್ಮ ಮನೆಗೆ ಕರೆಂಟು ಬರುವ ಮುಂಚೆ ಕಾರು ಬಂತು. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ಆಗಿನವರೂ ಕಮ್ಮಿ ನಗಲಿಲ್ಲ. ಅರಕಲಗೂಡಿನ ನಮ್ಮ ಬೀದಿಗೆ ಇನ್ನೂ ಕಂಬ ನೆಟ್ಟಿರಲಿಲ್ಲ. ಸಂಜೆಯಾದರೆ ಮನೆಮನೆಯಲ್ಲೂ ಲಾಟೀನಿನ ಗಾಜು ಒರೆಸುತ್ತಿದ್ದರು. ಅಂಥ ಬೀದಿಯಲ್ಲಿ ನಮ್ಮ ಜಗಲಿಯ ಪಕ್ಕದಲ್ಲೇ ಒಂದು ಅಮೆರಿಕದ ಕಾರು ನಿಂತಿರುತ್ತಿತ್ತು. ಕಪ್ಪು ಬಣ್ಣ, ಮೂತಿಯ ತುಂಬ ಥಳಥಳ ಹೊಳೆಯುವ ಪಟ್ಟಿ, ಒಳಗೆ ಕೆಂಪು ಚರ್ಮದ ಸೀಟು. ಸಕಲೇಶಪುರದ ಕಡೆ ಕಾಫಿ ತೋಟ ಮಾರಿ ಊರಿಗೆ ಹೊರಟಿದ್ದ ಬಿಳಿ ದೊರೆಯೊಬ್ಬನಿಂದ ನಾನು ಅದನ್ನು ಕೊಂಡಿದ್ದೆ. ಆಗಲೇ ಅದಕ್ಕೆ ವಯಸ್ಸಾಗಿತ್ತು, ಆದರೆ ಗತ್ತು ಹೋಗಿರಲಿಲ್ಲ. ನಾನು ಹೊಳೆನರಸೀಪುರದ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೆ. ಅಂಥ ಕಾರಿನಲ್ಲಿ ಬಂದಿಳಿಯುವ ವಕೀಲ ಕೇಸು ಸೋಲಲಾರ ಅಂತ ಕಕ್ಷಿದಾರರು ನಂಬಿದ್ದರು, ಪಾಪ.

ನನ್ನ ಹೆಂಡತಿ ಅದಕ್ಕೆ ಹಡಗು ಅಂತ ಹೆಸರಿಟ್ಟಳು. "ಮನೇಲಿ ಬುಡ್ಡಿ ದೀಪ, ಬಾಗಿಲಲ್ಲಿ ಹಡಗು. ನೋಡಿದೋರು ಏನಂದಾರು ಅಂತಾದ್ರೂ ಬೇಡವೇ?" ಅಂದಳು.

"ನೋಡ್ಲಿ ಅಂತಲೇ ತಂದಿರೋದು," ಅಂದೆ.

ಕಾರಿನಲ್ಲಿ ರೇಡಿಯೋ ಇತ್ತು. ನಮ್ಮ ಬೀದಿಗೆಲ್ಲ ಅದೊಂದೇ ರೇಡಿಯೋ. ಗುಂಡಿ ತಿರುಗಿಸಿದ ಮೇಲೆ ಬೆಚ್ಚಗಾಗುವುದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಜಗಲಿಯ ಮುಂದೆ ಹತ್ತಾರು ಜನ ಸೇರಿರುತ್ತಿದ್ದರು. ಸ್ಟೇರಿಂಗ್ ಪಕ್ಕದ ಜಾಲರಿಯ ಹಿಂದೆ ಅಂಗೈಯಗಲದ ಒಂದೇ ಒಂದು ಸ್ಪೀಕರು. ವಾರ್ತೆಗೆ ಸಾಕಾಗಿತ್ತು. ಸಂಗೀತಕ್ಕೆ ಸಾಲದು ಅಂತ ನಮಗೆ ಗೊತ್ತಾದದ್ದು ಅತ್ತೆಯಿಂದ.

ಅತ್ತೆ ಅಂದರೆ ನನ್ನ ಸೋದರತ್ತೆ, ನನ್ನ ತಂದೆಯ ಅಕ್ಕ. ತಾಯಿ ಇಲ್ಲದ ನನ್ನನ್ನು ಸಾಕಿದವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ರುದ್ರಪಟ್ಟಣದ ತವರಿಗೆ ಬಂದವಳು ತುಂಬ ವರ್ಷ ಅಲ್ಲೇ ಇದ್ದಳು. ನಮ್ಮ ಮನೆತನದಲ್ಲಿ ಎಲ್ಲರಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಅತ್ತೆಗೆ ಅದಕ್ಕಿಂತಲೂ ಈಚೆಗೆ. ಮಡಿ ಅಂದರೆ ಮಡಿ. ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟರೆ ಊಟ ಆಗುವ ತನಕ ಯಾರನ್ನೂ ಮುಟ್ಟುತ್ತಿರಲಿಲ್ಲ. ನನ್ನ ಕಾರಿಗಂತೂ ಕಾಲಿಟ್ಟವಳೇ ಅಲ್ಲ. "ಸತ್ತ ದನದ ಚರ್ಮದ ಮೇಲೆ ನಾನು ಕೂತ್ಕೋಬೇಕೇನೋ? ನಿನಗೆ ಬುದ್ಧಿ ಇಲ್ಲ ಅಂತ ನನಗೂ ಇಲ್ವೇ?" ಅನ್ನುತ್ತಿದ್ದಳು.

ಅವಳು ತವರು ಬಿಟ್ಟು ನಮ್ಮ ಮನೆಗೆ ಬಂದದ್ದು ಒಂದು ಸಂಗತಿಗಾಗಿ. ನಾನು ಹೇಳುತ್ತಿರುವುದು ಸಂಗೀತದ ಸಂಗತಿ. ಕೃತಿಯ ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ಬೆಳೆಸಿ ಹಾಡುತ್ತಾರಲ್ಲ, ಆ ಒಂದೊಂದು ಬಗೆಗೂ ಸಂಗತಿ ಅಂತಾರೆ. ನನ್ನ ಅಜ್ಜ, ಅಂದರೆ ಅತ್ತೆಯ ಅಪ್ಪ, ದೊಡ್ಡ ಹಾಡುಗಾರರು. ಅವರು ಹಾಸಿಗೆ ಹಿಡಿದಾಗ ಆರೈಕೆ ಮಾಡಿದವಳು ಅತ್ತೆ. ಆ ದಿನಗಳಲ್ಲಿ ಅಜ್ಜ ಭೈರವಿ ರಾಗದ ಒಂದು ಕೃತಿಗೆ ಹೊಸದೊಂದು ಸಂಗತಿ ಹಾಕಿ ಅವಳಿಗೆ ಹೇಳಿಕೊಟ್ಟರಂತೆ. ಉಳಿದೆಲ್ಲ ಸಂಗತಿಗಳೂ ಮೇಲಕ್ಕೆ ಹತ್ತಿದರೆ ಇದೊಂದು ಕೆಳಕ್ಕೆ, ಮಂದ್ರಕ್ಕೆ, ಬಾವಿಗೆ ಕೊಡ ಬಿಟ್ಟ ಹಾಗೆ ಇಳಿಯುತ್ತದೆ. ಅದಾದ ಸ್ವಲ್ಪ ದಿನಕ್ಕೇ ಅಜ್ಜ ತೀರಿಕೊಂಡರು. ಅತ್ತೆಯ ಕಿರಿಯ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಆಗ ಮೈಸೂರಿನಲ್ಲಿ ಪಾಠಕ್ಕಿದ್ದವರು ಇದನ್ನು ಕೇಳಿರಲೇ ಇಲ್ಲ. ಮುಂದೆ ಅವರು ವಿದ್ವಾಂಸರಾದರು, ಶಿಷ್ಯರು ಸೇರಿದರು. ಒಂದು ದಿನ ಶಿಷ್ಯರೆದುರಿಗೇ ಅತ್ತೆ "ಅಲ್ಲಿ ಹಾಗಲ್ಲ ಕಣೋ, ಕೆಳಗಿಳಿ" ಅಂದಳಂತೆ. ಚಿಕ್ಕಪ್ಪ "ಅದು ಅಪ್ಪನದಲ್ಲ, ನೀನು ಕಟ್ಟಿದ್ದು" ಅಂದುಬಿಟ್ಟರು. ಅತ್ತೆ ಅವತ್ತೇ ಗಂಟು ಕಟ್ಟಿದಳು. ಆಮೇಲೆ ರುದ್ರಪಟ್ಟಣದ ಹೊಳೆ ನೀರು ಮುಟ್ಟಲಿಲ್ಲ, ತಮ್ಮನ ಜೊತೆ ಮಾತಾಡಲಿಲ್ಲ. "ಸುಳ್ಳು ಹೇಳಿದೆ ಅಂದ ಹಾಗಾಯ್ತಲ್ಲೋ. ಅದೂ ಅಪ್ಪನ ಹೆಸರಲ್ಲಿ," ಅಂತ ನನ್ನ ಹತ್ತಿರ ಒಮ್ಮೆ ಹೇಳಿ ಕಣ್ಣೊರೆಸಿಕೊಂಡಿದ್ದಳು.

ಹೀಗಿರುವಾಗ ಮದುವೆಗೆ ಕರೆಯಲು ಬಂದ ನಂಟರೊಬ್ಬರು ಊಟದ ನಡುವೆ, "ನಿಮ್ಮ ತಮ್ಮ ಈಚೆಗೆ ಆ ಭೈರವೀಲಿ ಕೆಳಕ್ಕಿಳೀತಾನೆ ಕಣ್ರೀ," ಅಂದರು. ಬಡಿಸುತ್ತಿದ್ದ ಅತ್ತೆಯ ಸೌಟು ನಿಂತಿತು.

"ನೀವು ಕೇಳಿದ್ರಾ?"

"ಕೇಳಿದೋರು ಹೇಳಿದ್ರು."

"ಅಂತೆ ಕಂತೆ ನನಗೆ ಬೇಡ. ನನ್ನ ಕಿವಿಯಾರೆ ಕೇಳಬೇಕು," ಅಂದಳು. ತಮ್ಮನನ್ನು ಹೋಗಿ ಕೇಳಬಹುದಲ್ಲ ಅಂದರೆ? ಪ್ರಾಣ ಹೋದರೂ ಇಲ್ಲ.

ಚಿಕ್ಕಪ್ಪ ಆಗಾಗ ಮೈಸೂರಿಗೆ ಹೋಗಿ ಬೆಳಗಿನ ಹೊತ್ತು ರೇಡಿಯೋದಲ್ಲಿ ಹಾಡುತ್ತಿದ್ದರು. ಪೇಪರಿನಲ್ಲಿ ನೋಡಿಕೊಂಡು, ಆ ದಿನ ಕಾರಿನ ಬಾಗಿಲು ಜಗಲಿಯ ಕಡೆಗೆ ತೆಗೆದಿಟ್ಟು ರೇಡಿಯೋ ಹಾಕಿದೆ. ಅತ್ತೆ ಮಡಿಯಲ್ಲೇ ಜಗಲಿಯ ಅಂಚಿಗೆ ಮಣೆ ಹಾಕಿಕೊಂಡು ಕೂತಳು. ಅದೃಷ್ಟ ನೋಡಿ, ಅವತ್ತು ಅದೇ ಭೈರವಿ. ಮೇಲಿನ ಸಂಗತಿಗಳೆಲ್ಲ ಚೆನ್ನಾಗಿ ಬಂದವು. ಆ ಜಾಗಕ್ಕೆ ಬರುತ್ತಿದ್ದ ಹಾಗೆ ನನ್ನ ಸ್ಪೀಕರು 'ಗೊರ್ ಗೊರ್' ಅಂತ ಶುರುಮಾಡಿತು. ಚಿಕ್ಕಪ್ಪ ಇಳಿದರೋ, ಹತ್ತಿದರೋ, ಅಲ್ಲೇ ನಿಂತರೋ, ದೇವರಿಗೇ ಗೊತ್ತು. ಗೊರಗೊರ ನಿಂತಾಗ ಹಾಡು ಮುಂದಿನ ಸಾಲಿಗೆ ಹೋಗಿತ್ತು.

ಅತ್ತೆ ಮಣೆ ಎತ್ತಿಕೊಂಡು ಎದ್ದಳು. "ನಿನ್ನ ಗಾಡಿಗೆ ದಮ್ಮು ಕಣೋ. ಔಷಧಿ ಮಾಡಿಸು," ಅಂದು ಒಳಗೆ ಹೋದಳು. ಆ ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ ಅಂತ ಹೆಂಡತಿ ಹೇಳಿದಳು.

ಔಷಧಿಗೆ ಹಾಸನಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನೊಬ್ಬ ಜಾಲರಿ ಬಿಚ್ಚಿ ನೋಡಿ ಗಹಗಹಿಸಿ ನಕ್ಕ. "ಕಾಗದ ಅರಿದೋಗದೆ ಸಾ. ಇಲಿ ಕಡ್ದದೆ. ಇಲಿಗೂ ಸಂಗೀತದ್ ಉಚ್ಚು!" ಅಂತ ಹೇಳಿ ಅದೇ ಅಳತೆಯ ಹೊಸದನ್ನು ಕೂರಿಸಿದ. ಗೊರಗೊರ ಹೋಯಿತು. ಆದರೆ ಮಂದ್ರ ಬರಲಿಲ್ಲ. ಯಾರು ಹಾಡಿದರೂ ಕೆಳಗಿನ ಸ್ವರಕ್ಕೆ ಬಂದಾಗ ಹಾಡುಗಾರ ಎದ್ದು ಪಕ್ಕದ ಕೋಣೆಗೆ ಹೋದ ಹಾಗೆ ಕೇಳುತ್ತಿತ್ತು. ಮತ್ತೆ ಹಾಸನಕ್ಕೆ ಹೋಗಿ ರೇಗಾಡಿದೆ.

"ನನ್ ಮ್ಯಾಲ್ ಯಾಕ್ ಸಾ ರೇಗ್ತೀರಾ? ಅಂಗೈ ಅಗಲದ್ರಾಗೆ ಆನೆ ಕುಣಿ ಅಂದ್ರೆ ಕುಣಿತದಾ? ಊಟದೆಲೆ ಅಗಲದ್ದು ಆಕ್ಬೇಕು. ಆಕಾಕೆ ಮುಂದೆ ಜಾಗ ಇಲ್ಲ. ಇಲ್ಲಾಂದ್ರೆ ಮದುವೆ ಮೈಕಿನ ಕೊಳವೆ ಅದೆ, ಟಾಪಿನ ಮ್ಯಾಲೆ ಕಟ್ಬುಡ್ತೀನಿ. ಚನ್ನರಾಯಪಟ್ಟಣದ ಗಂಟ ಕೇಳ್ತದೆ ಕಣ್ ಸಾ!"

ನನ್ನ ಹಡಗಿನ ನೆತ್ತಿಗೆ ಮದುವೆ ಮೈಕು! ಉರಿದುಕೊಂಡು ಮನೆಗೆ ಬಂದೆ. ಮುಂದೆ ಜಾಗವಿಲ್ಲದ್ದನ್ನೂ ಮೈಕಿನ ಕತೆಯನ್ನೂ ಹೆಂಡತಿಗೆ ಹೇಳುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದಳು.

"ತಂಬೂರಿಗೆ ಬುರುಡೆ ಯಾಕೋ ಇರೋದು?"

"ನಾದ ತುಂಬೋಕೆ."

"ತಂತಿ ಎಲ್ಲಿರುತ್ತೆ?"

"ಬುರುಡೆ ಮೇಲೆ."

"ನಿನ್ನ ಗಾಡಿಗೆ ಹಿಂದೆ ಅಷ್ಟು ದೊಡ್ಡ ಬುರುಡೆ ಇದೆಯಲ್ಲೋ, ಪೆಟ್ಟಿಗೆ ಹಾಕ್ತೀಯಲ್ಲ, ಅದು. ಅದರ ಮೇಲೆ ಇಡೋದು ಬಿಟ್ಟು ಮೂತಿಗೆ ಇಟ್ಟರೆ ನಾದ ಎಲ್ಲಿಂದ ಬಂದೀತು?"

ಡಿಕ್ಕಿ! ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಮಾರನೆಯ ದಿನ ಹಾಸನದವನಿಗೆ ಇದನ್ನು ಹೇಳಿದೆ. ಅವನು ಡಿಕ್ಕಿ ತೆಗೆದು ತಲೆ ಒಳಗಿಟ್ಟು ಒಮ್ಮೆ ಕೂಗಿ ನೋಡಿದ. "ಯಾರ್ ಸಾ ಇದ್ ಏಳಿದ್ದು?"

"ನಮ್ಮತ್ತೆ."

"ಅವ್ರಿಗೊಂದ್ ಅಂಗ್ಡಿ ಇಟ್ಕೊಡಿ ಸಾ. ನಾನ್ ಓಗಿ ಕೆಲ್ಸಕ್ ಸೇರ್ಕೋತೀನಿ."

ಆದರೆ ಹಿಂದಿನ ಸೀಟಿಗೂ ಗಾಜಿಗೂ ನಡುವಿನ ಹಲಗೆಯನ್ನು ಗುಂಡಗೆ ಕೊಯ್ಯಬೇಕಿತ್ತು. ಅವನು ಗರಗಸ ತೆಗೆದಾಗ ನನ್ನ ಜೀವ ಬಾಯಿಗೆ ಬಂತು. ದೊರೆ ಒಂದು ಗೀರೂ ಬೀಳದಂತೆ ಇಟ್ಟಿದ್ದ ಕಾರು ಸ್ವಾಮಿ ಅದು! ನೋಡಲಾರದೆ ಎದುರಿನ ಹೋಟೆಲಿಗೆ ಹೋಗಿ ಕಾಫಿ ಮುಂದಿಟ್ಟುಕೊಂಡು ಕೂತೆ. ಕುಡಿಯಲಾಗಲಿಲ್ಲ. ಹಿಂದಿರುಗಿ ಬಂದಾಗ ಊಟದೆಲೆಯಗಲದ ಸ್ಪೀಕರು ಆ ತೂತಿನಲ್ಲಿ ಕೂತಿತ್ತು, ಮೇಲೆ ಕಂದು ಬಟ್ಟೆಯ ಮುಚ್ಚಿಗೆ. ರೇಡಿಯೋ ಹಾಕಿದ. ಯಾರೋ ಮೃದಂಗ ನುಡಿಸುತ್ತಿದ್ದರು. ಎಡಗೈಯ ಗುಂಕಾರ ಸೀಟಿನ ಒಳಗಿನಿಂದ ನನ್ನ ಬೆನ್ನಿಗೆ ಬಂತು. ಅಯ್ಯೋ, ಎಂಥ ನಾದ! ಕೊಯ್ದದ್ದೆಲ್ಲ ಮರೆತುಹೋಯಿತು. ದಾರಿಯುದ್ದಕ್ಕೂ ಮೃದಂಗದ ಜೊತೆ ನಾನೂ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತ ಬಂದೆ.

ಆಮೇಲೆ ಚಿಕ್ಕಪ್ಪನ ಸರದಿಗೆ ಕಾದದ್ದೇ ಕಾದದ್ದು. ಅತ್ತೆ ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ, ಪೇಪರು ಬಂದ ಕೂಡಲೇ ಮಾತ್ರ "ಇವತ್ತೇನಾದ್ರೂ ಹಾಕಿದ್ದಾರಾ?" ಅನ್ನುತ್ತಿದ್ದಳು. ಕೊನೆಗೂ ಆ ಬೆಳಿಗ್ಗೆ ಬಂತು. ಕಾರನ್ನು ಹಿಮ್ಮುಖವಾಗಿ ತಂದು ಅದರ ಹಿಂಭಾಗ ಜಗಲಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿ, ಹಿಂದಿನ ಸೀಟಿನ ಬಾಗಿಲು ತೆಗೆದಿಟ್ಟೆ. ಬೀದಿಯವರೆಲ್ಲ ಸೇರಿದರು. ಚಿಕ್ಕಪ್ಪ ಮೊದಲು ಬೇರೇನೋ ಹಾಡಿದರು, ಆಮೇಲೆ ಭೈರವಿ ಎತ್ತಿಕೊಂಡರು. ಅತ್ತೆಯ ಬೆರಳುಗಳು ಸೆರಗಿನ ಅಂಚನ್ನು ಹಿಡಿದುಕೊಂಡವು.

ಆಗಲೇ ಹೊಗೆಸೊಪ್ಪು ಹೇರಿಕೊಂಡ ಒಂದು ಎತ್ತಿನ ಗಾಡಿ ಬಂತು. ಬಂದದ್ದು ಹೋಗಬಾರದೇ? ಹಾಡು ಕೇಳಿ ಗಾಡಿಯವನು ನಮ್ಮ ಮುಂದೆಯೇ ನಿಲ್ಲಿಸಿದ. ಎತ್ತುಗಳು ತಲೆ ಒದರುತ್ತಿವೆ, ಕೊರಳ ಗಂಟೆಗಳು ಝಣಝಣ.

"ಎಲಾ ಇವ್ನಾ! ಕಾರು ಆಡ್ತಾ ಅದಲ್ಲಾ!"

"ಮುಂದಕ್ಕೆ ಹೊಡೆಯಯ್ಯಾ!" ಅಂತ ಕಿರುಚಿದೆ.

"ಒಸಿ ಕೇಳ್ಕೊಂಡ್ ಓಯ್ತೀನಿ ಬುಡಿ ಸಾ."

ಸಂಗತಿಗಳು ಒಂದೊಂದೇ ಹತ್ತುತ್ತಿದ್ದವು. ಇನ್ನೇನು ಆ ಜಾಗ ಬಂತು. ಅತ್ತೆ ಒಮ್ಮೆ ಎತ್ತುಗಳನ್ನು ನೋಡಿದಳು, ಒಮ್ಮೆ ಕಾರನ್ನು ನೋಡಿದಳು. ಜಗಲಿಯಿಂದ ಇಳಿದವಳೇ ಕಾರಿನ ಒಳಗೆ ನುಗ್ಗಿ, ಕೆಂಪು ಚರ್ಮದ ಸೀಟಿನ ಮೇಲೆ ಮಂಡಿಯೂರಿ, ಧಡಾರನೆ ಬಾಗಿಲು ಹಾಕಿಕೊಂಡಳು. ಮಡಿಯಲ್ಲಿ! ಹೆಂಡತಿ "ಶಿವ ಶಿವಾ" ಅಂದಳು. ಹಿಂದಿನ ಗಾಜಿನಲ್ಲಿ ನಮಗೆ ಅತ್ತೆಯ ಮುಖ ಕಾಣುತ್ತಿತ್ತು. ಕಿವಿಯನ್ನು ಆ ಕಂದು ಬಟ್ಟೆಗೆ ಒತ್ತಿಕೊಂಡಿದ್ದಳು. ಗಂಟೆಯ ಸದ್ದಿನಲ್ಲಿ ಹೊರಗಿನ ನಮಗೆ ಏನೂ ತಿಳಿಯಲಿಲ್ಲ. ಗಾಜು ಮಾತ್ರ ಸಣ್ಣಗೆ ಅದುರಿತು. ಅತ್ತೆ ಕಣ್ಣು ಮುಚ್ಚಿದಳು. ಆಮೇಲೆ ಅವಳ ಬಾಯಿ ಅಗಲವಾಗಿ ಬಿರಿಯಿತು; ನನ್ನ ಜನ್ಮದಲ್ಲಿ ಅತ್ತೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಹಾಡು ಮುಗಿದ ಮೇಲೆ ನಾನು ಮೆಲ್ಲಗೆ ಬಾಗಿಲು ತೆಗೆದೆ. "ಅತ್ತೆ, ಚರ್ಮದ ಮೇಲೆ ಇದ್ದೀಯ."

"ಗೊತ್ತು ಕಣೋ. ಮೈಲಿಗೆ ಆದ್ಮೇಲೆ ಆಯ್ತು, ಅರ್ಧ ಮೈಲಿಗೆ ಅಂತ ಇದೆಯೇನು? ಇನ್ನು ಇಳಿಯಲ್ಲ. ನಡಿ ರುದ್ರಪಟ್ಟಣಕ್ಕೆ."

ಹೆಂಡತಿ ಒಳಗೆ ಓಡಿ ಅತ್ತೆಯ ಗಂಟು ಕಟ್ಟಿ ತಂದಳು. ಮೂವರೂ ಹೊರಟೆವು. ಚಿಕ್ಕಪ್ಪನ ಮನೆಯಲ್ಲಿ ಚಿಕ್ಕಮ್ಮ ಅತ್ತೆಯನ್ನು ನೋಡಿದ್ದೇ ಓಡಿಬಂದು ಕಾಲಿಗೆ ನೀರು ಕೊಟ್ಟರು. ಅತ್ತೆ ಹೊಳೆಯಲ್ಲಿ ಮುಳುಗಿ ಮೈಲಿಗೆ ಕಳೆದುಕೊಂಡು ಬಂದು, ಅಡುಗೆಮನೆ ಹೊಕ್ಕು, ಸಾರಿಗೆ ಉಪ್ಪು ಕಮ್ಮಿ ಅಂದಳು.

ಸಂಜೆಯ ಬಸ್ಸಿಗೆ ಮೈಸೂರಿನಿಂದ ಚಿಕ್ಕಪ್ಪ ಬಂದರು. ಬಾಗಿಲಲ್ಲಿ ನಿಂತಿದ್ದ ಕಾರು ನೋಡಿದರು, ನಡುಮನೆಯಲ್ಲಿ ಕೂತಿದ್ದ ಅಕ್ಕನನ್ನು ನೋಡಿದರು. ಅಲ್ಲೇ ಕಂಬ ಹಿಡಿದು ನಿಂತರು. "ಅಕ್ಕಾ... ಬೆಳಿಗ್ಗೆ ಕೇಳಿದೆಯಾ?"

ಅತ್ತೆ ಸೆರಗು ಸರಿಮಾಡಿಕೊಂಡಳು.

"ಎಲ್ಲಿ ಕೇಳ್ತು! ಇವನ ಗಾಡಿ ಸ್ಪೀಕರು ಸರಿಯಿಲ್ಲ. ಆ ಜಾಗ ಬರೋ ಹೊತ್ತಿಗೆ ಗೊರ್ ಅಂದುಬಿಡ್ತು."

ನನಗೆ ಮೈಯೆಲ್ಲ ಉರಿಯಿತು. ಕಾರಿನ ಬೆನ್ನು ಕೊಯ್ಯಿಸಿದ್ದೇನೆ, ಹಾಸನಕ್ಕೆ ಅಲೆದಿದ್ದೇನೆ! "ಅತ್ತೆ, ಎಂಥ ಸುಳ್ಳು..." ಅಂತ ಎದ್ದೆ. ಹೆಂಡತಿ ಪಂಚೆ ಹಿಡಿದು ಎಳೆದು ಕೂರಿಸಿದಳು.

ಚಿಕ್ಕಪ್ಪ ಅಕ್ಕನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವರ ತುಟಿಯ ಕೊನೆ ಅಲುಗಿತು. "ಹಾಗಾದ್ರೆ ಕೈಕಾಲು ತೊಳ್ಕೊಂಡು ಬರ್ತೀನಿ," ಅಂದರು.

ತಂಬೂರಿ ಇಳಿಸಿ ಶ್ರುತಿ ಮಾಡಿಕೊಂಡು ಹಾಡತೊಡಗಿದರು. ಸಂಗತಿಗಳು ಒಂದರ ಮೇಲೊಂದು ಹತ್ತಿದವು. ಆ ಜಾಗಕ್ಕೆ ಬಂದಾಗ ಚಿಕ್ಕಪ್ಪ ನಿಲ್ಲಿಸಿ, ತಂಬೂರಿ ಮೀಟುತ್ತಲೇ, "ಇದು ನೀನೇ ಹೇಳು ಅಕ್ಕ. ಅಪ್ಪ ಹೇಳಿಕೊಟ್ಟದ್ದು ನಿನಗೆ," ಅಂದರು.

ಅತ್ತೆಯ ದನಿ ನಡುಗುತ್ತಿತ್ತು. ಆದರೂ ಇಳಿಯಿತು, ತಳದ ತನಕ ಇಳಿಯಿತು. ನಾನು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ.

ಮುಗಿದ ಮೇಲೆ ಚಿಕ್ಕಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಆ ಸ್ಪೀಕರು ಒಂದು ರಿಪೇರಿ ಮಾಡಿಸೋ," ಅಂದರು. ರುದ್ರಪಟ್ಟಣದಲ್ಲಿ ಈಗಲೂ ಕೆಲವರು ನನ್ನ ಕಾರಿನ ಸ್ಪೀಕರು ಸರಿಯಿರಲಿಲ್ಲ ಅಂತಲೇ ತಿಳಿದಿದ್ದಾರೆ. ತಿಳಿದುಕೊಳ್ಳಲಿ.